ಕಂಠದಾನದ ಹಂಗು: ಐಶ್ವರ್ಯಾ ರೈ ಅವರ ಅಭಿನಯವನ್ನು ಕುರಿತು

ಕನ್ನಡದಲ್ಲಿ 'ರೂಪದರ್ಶಿ' ಎಂಬ ಮಾತಿಗೆ ಒಂದು ಸಾಹಿತ್ಯಕ ಪೂರ್ವೇತಿಹಾಸವಿದೆ. ಕೆ.ವಿ. ಅಯ್ಯರ್ ಅವರ ಅದೇ ಹೆಸರಿನ ಕಾದಂಬರಿಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ಮಾದರಿಯಾದ ಮಗುವೇ ಮುಂದೆ ಬೆಳೆದು, ಬದುಕಿನ ಪೆಟ್ಟುಗಳಿಗೆ ಸಿಕ್ಕಿ, ಯೂದನ ಚಿತ್ರಕ್ಕೂ ಮಾದರಿಯಾಗುತ್ತಾನೆ. ಕಲಾವಿದನಿಗೆ ಬೇಕಾದದ್ದು ಅವನ ಮುಖ, ಅವನ ಮಾತಲ್ಲ. ರೂಪವನ್ನು ತೋರುವವನು ರೂಪದರ್ಶಿ ಎಂಬ ಅರ್ಥವು ಈ ಕಥೆಯಿಂದಾಗಿ ನಮ್ಮಲ್ಲಿ ಇನ್ನಷ್ಟು ಗಟ್ಟಿಯಾಯಿತು. ಜಾಹೀರಾತಿನ ಯುಗ ಬಂದ ಮೇಲೆ ಪತ್ರಿಕೆಗಳು ಬಟ್ಟೆ, ಸಾಬೂನು, ಪಾನೀಯಗಳ ಪ್ರಚಾರಕ್ಕೆ ನಿಲ್ಲುವವರನ್ನೂ ಇದೇ ಹೆಸರಿನಿಂದ ಕರೆಯತೊಡಗಿದವು. ಇವರಲ್ಲಿ ಕೆಲವರು ಚಲನಚಿತ್ರಕ್ಕೆ ಬಂದರು. ಬಂದವರನ್ನು ಕುರಿತು ನಮ್ಮ ಚಿತ್ರವಿಮರ್ಶೆ ಹೇಳುತ್ತ ಬಂದಿರುವ ಮಾತು ಬಹುಮಟ್ಟಿಗೆ ಒಂದೇ: ರೂಪವಿದೆ, ಅಭಿನಯವಿಲ್ಲ. ಗೊಂಬೆ, ಪ್ರತಿಮೆ, ಗಾಜಿನ ಕಪಾಟಿನ ವಸ್ತು ಎಂಬ ಉಪಮೆಗಳು ಈ ತೀರ್ಪಿನ ಜೊತೆಗೇ ಬರುತ್ತವೆ. ಈ ತೀರ್ಪು ಅರ್ಧ ಪ್ರದರ್ಶನವನ್ನು ಮಾತ್ರ ನೋಡಿ ಕೊಟ್ಟದ್ದು ಎಂಬುದನ್ನು ಐಶ್ವರ್ಯಾ ರೈ ಅವರ ಕೆಲವು ಚಿತ್ರಗಳನ್ನು ಆಧರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅವರ ವೃತ್ತಿಜೀವನದ ಹೊರವಿವರಗಳು ಸುಪರಿಚಿತವಾಗಿರುವುದರಿಂದ ಸಂಗ್ರಹವಾಗಿ ಹೇಳಿದರೆ ಸಾಕು. 1973ರಲ್ಲಿ ಮಂಗಳೂರಿನ ತುಳು ಮನೆಮಾತಿನ ಕುಟುಂಬವೊಂದರಲ್ಲಿ ಜನನ, ಮುಂಬಯಿಯಲ್ಲಿ ವಿದ್ಯಾಭ್ಯಾಸ, ವಾಸ್ತುಶಿಲ್ಪದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಜಾಹೀರಾತು ಕ್ಷೇತ್ರಕ್ಕೆ ಪ್ರವೇಶ. 1993ರಲ್ಲಿ ಪ್ರಹ್ಲಾದ್ ಕಕ್ಕಡ್ ನಿರ್ದೇಶಿಸಿದ ಪೆಪ್ಸಿ ಜಾಹೀರಾತಿನಲ್ಲಿ ಬಾಗಿಲಲ್ಲಿ ಕಾಣಿಸಿಕೊಂಡು ಇನ್ನೊಂದು ಬಾಟಲಿ ಕೇಳುವ ಹುಡುಗಿಯಾಗಿ ಕೆಲವೇ ಕ್ಷಣಗಳಲ್ಲಿ ದೇಶದ ಗಮನ ಸೆಳೆದರು. 1994ರ ಭಾರತ ಸುಂದರಿ ಸ್ಪರ್ಧೆಯಲ್ಲಿ ಸುಷ್ಮಿತಾ ಸೇನ್ ಅವರ ನಂತರದ ಸ್ಥಾನ. ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ವಿಶ್ವಸುಂದರಿ ಪಟ್ಟ. ಇಂಥ ಸ್ಪರ್ಧೆಗಳ ಕೊನೆಯ ಘಟ್ಟ ಪ್ರಶ್ನೋತ್ತರದ್ದು. ಅಲ್ಲಿ ಮಾತನಾಡದೆ ಗೆಲ್ಲುವಂತಿಲ್ಲ. ಮಾತನಾಡಿ ಗೆದ್ದ ವ್ಯಕ್ತಿ ಚಲನಚಿತ್ರಕ್ಕೆ ಬಂದೊಡನೆ ಮೊದಲು ಕಳೆದುಕೊಂಡದ್ದು ತನ್ನ ಮಾತನ್ನೇ ಎಂಬುದು ನಮ್ಮ ಚರ್ಚೆಗೆ ಮುಖ್ಯ.

1997ರಲ್ಲಿ ತೆರೆಕಂಡ ಮಣಿರತ್ನಂ ಅವರ 'ಇರುವರ್' ಅವರ ಮೊದಲ ಚಿತ್ರ. ಅದರಲ್ಲಿ ಅವರದು ದ್ವಿಪಾತ್ರ. ನಾಯಕ ಆನಂದನ್‌ನ ಹಳ್ಳಿಯ ಹೆಂಡತಿ ಪುಷ್ಪವಲ್ಲಿ ಒಬ್ಬಳು. ಆಕೆ ತೀರಿಕೊಂಡ ಬಹುಕಾಲದ ಮೇಲೆ ಚಿತ್ರೀಕರಣದ ಅಂಗಳದಲ್ಲಿ ಅದೇ ಮುಖ ಹೊತ್ತು ಎದುರಾಗುವ ನಟಿ ಕಲ್ಪನಾ ಇನ್ನೊಬ್ಬಳು. ಒಂದೇ ಮುಖವು ಎರಡು ಬಾಳುಗಳನ್ನು ಪ್ರತಿನಿಧಿಸುವ ಈ ಯೋಜನೆ ಅಯ್ಯರ್ ಅವರ ಕಾದಂಬರಿಯನ್ನು ನೆನಪಿಗೆ ತರುತ್ತದೆ. ಸತ್ತ ಹೆಂಡತಿಯ ಮುಖವನ್ನು ಕಂಡು ನಾಯಕನು ತತ್ತರಿಸುವ ಸನ್ನಿವೇಶದಲ್ಲಿ ಕಲ್ಪನಾ ಮಾಡಬೇಕಾದದ್ದು ಹೆಚ್ಚೇನೂ ಇಲ್ಲ, ಇದ್ದರೆ ಸಾಕು. ರೂಪದರ್ಶಿಯ 'ಇರುವಿಕೆ'ಯನ್ನೇ ನಿರ್ದೇಶಕರು ಕಥೆಯ ಕೀಲಾಗಿ ಬಳಸಿಕೊಂಡಿದ್ದಾರೆ. ಕಲ್ಪನಾಳ ಪಾತ್ರಕ್ಕೆ ಜಯಲಲಿತಾ ಅವರ ಬದುಕು ಆಧಾರವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಮೇಲುಕೋಟೆಯಲ್ಲಿ ಹುಟ್ಟಿ, 1964ರ 'ಚಿನ್ನದ ಗೊಂಬೆ'ಯ ಮೂಲಕ ಕನ್ನಡದಲ್ಲಿ ನಾಯಕಿಯಾಗಿ, ಮುಂದೆ ತಮಿಳುನಾಡಿನ ಮುಖ್ಯಮಂತ್ರಿಯಾದ ಆ ಮಹಿಳೆಯ ಬಲವಿದ್ದದ್ದು ಅವರ ವಾಕ್ಕಿನಲ್ಲಿ. ಆದರೆ ಅವರನ್ನು ಹೋಲುವ ಪಾತ್ರ ತೆರೆಯ ಮೇಲೆ ಬಾಯಿ ತೆರೆದಾಗ ಕೇಳಿಬರುವುದು ಐಶ್ವರ್ಯಾ ಅವರ ದನಿಯಲ್ಲ, ನಟಿ ರೋಹಿಣಿಯವರದು.

ರೋಹಿಣಿಯವರ ವಿಷಯವಾಗಿ ಇಲ್ಲಿ ಎರಡು ಮಾತು ಹೇಳುವುದು ಅಗತ್ಯ. ಅವರು ಕೇವಲ ಕಂಠದಾನ ಕಲಾವಿದೆಯಲ್ಲ. ದಕ್ಷಿಣದ ಹಲವು ಭಾಷೆಗಳಲ್ಲಿ ಗಂಭೀರ ಪಾತ್ರಗಳನ್ನು ನಿರ್ವಹಿಸಿದವರು. 'ಇರುವರ್'ಗಿಂತ ಎರಡು ವರ್ಷ ಮೊದಲು ಬಂದ ಮಣಿರತ್ನಂ ಅವರದೇ 'ಬಾಂಬೆ'ಯಲ್ಲಿ ಮನಿಷಾ ಕೊಯಿರಾಲಾ ಅವರಿಗೂ ಕಂಠ ನೀಡಿದವರು ಇವರೇ. ಅಂದರೆ ಒಬ್ಬಳು ನೇಪಾಳದವಳು, ಇನ್ನೊಬ್ಬಳು ತುಳುನಾಡಿನವಳು. ಮುಖಗಳು ಬೇರೆ, ದನಿ ಒಂದು. 'ಮಣಿರತ್ನಂ ನಾಯಕಿ' ಎಂದು ಪತ್ರಿಕೆಗಳು ಯಾವ ಗುಣವನ್ನು ಕೊಂಡಾಡಿದವೋ, ಆ ಮೆಲುದನಿಯ ದಿಟ್ಟತನ, ಮಾತು ಮುಗಿಯುವ ಮುನ್ನವೇ ಎಳೆದುಕೊಳ್ಳುವ ಉಸಿರು, ಅದರಲ್ಲಿ ಗಣನೀಯ ಪಾಲು ತೆರೆಯ ಮೇಲೆ ಕಾಣಿಸದ ಒಬ್ಬ ಹೆಣ್ಣಿನದು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಭಿನಯ ವಿಮರ್ಶೆ ಯಾರನ್ನು ವಿಮರ್ಶಿಸುತ್ತಿದೆ ಎಂಬುದೇ ಸ್ಪಷ್ಟವಾಗುವುದಿಲ್ಲ.

ಅದೇ ಚಿತ್ರದಲ್ಲಿ ಇನ್ನೊಬ್ಬ ರೈ ಇದ್ದಾರೆ. ತಮಿಳುನಾಡು ಪ್ರಕಾಶ್ ರಾಜ್ ಎಂದು ಕರೆಯುವ, ಕನ್ನಡ ರಂಗಭೂಮಿಯಿಂದ ಹೋದ ಪ್ರಕಾಶ್ ರೈ. ತಮಿಳು ಅವರಿಗೂ ಕಲಿತ ಭಾಷೆಯೇ. ಆದರೂ ತಮಿಳ್‌ಸೆಲ್ವನ್ ಎಂಬ ಕವಿ-ರಾಜಕಾರಣಿಯ ಪಾತ್ರ ಅವರಿಗೆ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟಿತು. ಗಂಡು ನಟನು ಪರಭಾಷೆಯನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳುವುದು ಸಾಧನೆಯೆನಿಸುತ್ತದೆ. ಅದಕ್ಕೆ ಕಾಲಾವಕಾಶವೂ ಸಿಗುತ್ತದೆ. ಹೆಣ್ಣು ನಟಿಯ ವಿಷಯದಲ್ಲಿ ಆ ಶ್ರಮವೇ ಅನಗತ್ಯವೆಂದು ಉದ್ಯಮ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ರೂಪದರ್ಶಿಯಾಗಿ ಬಂದವಳ ವಿಷಯದಲ್ಲಂತೂ ಕೇಳುವುದೇ ಬೇಡ.

ಭಾರತೀಯ ನಾಟ್ಯಮೀಮಾಂಸೆ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದೆ. ರೂಪದರ್ಶಿಯ ಕಸುಬು ಆಹಾರ್ಯಪ್ರಧಾನವಾದುದು. ನಿಲುವು, ನಡಿಗೆಗಳಷ್ಟರ ಮಟ್ಟಿಗೆ ಆಂಗಿಕವೂ ಇದೆ. ವಾಚಿಕವು ಅದರ ವ್ಯಾಪ್ತಿಗೆ ಬಾರದು. ಇದಕ್ಕೆ ತೀರ ವಿರುದ್ಧವಾದ ಕಲೆಯೊಂದು ಐಶ್ವರ್ಯಾ ಅವರ ಹುಟ್ಟೂರಿನ ಸುತ್ತಮುತ್ತಲೇ ಇದೆ ಎಂಬುದು ಸ್ವಾರಸ್ಯದ ಸಂಗತಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ, ಶಾಲಿನಲ್ಲಿ ಕುಳಿತ ಅರ್ಥಧಾರಿ ಮಾತಿನಿಂದಲೇ ಕರ್ಣನೂ ಆಗುತ್ತಾನೆ, ಮಂಥರೆಯೂ ಆಗುತ್ತಾನೆ. ಯಕ್ಷಗಾನದ ಬಯಲಾಟದಲ್ಲಿಯೂ ಪದ್ಯ ಭಾಗವತರದು, ಅರ್ಥ ವೇಷಧಾರಿಯದೇ. ಹಾಡಿಗೆ ಬೇರೆ ಕಂಠವಿರುವುದನ್ನು ಒಪ್ಪುವ ಪ್ರೇಕ್ಷಕ ಮಾತಿಗೆ ಬೇರೆ ಕಂಠವಿದ್ದರೆ ಆಟಕ್ಕೇ ಕೂರುವುದಿಲ್ಲ. ಹಿಂದೀ ಚಿತ್ರರಂಗದಲ್ಲಿಯೂ ಬಹುಮಟ್ಟಿಗೆ ಇದೇ ವ್ಯವಸ್ಥೆ. ಹಾಡು ಲತಾ ಮಂಗೇಶ್ಕರ್ ಅವರದೋ ಅಲಕಾ ಯಾಜ್ಞಿಕ್ ಅವರದೋ ಇರಬಹುದು, ಮಾತು ನಟಿಯದು. ದಕ್ಷಿಣದ ಚಿತ್ರರಂಗಗಳು ಮಾತ್ರ ಎರಡನ್ನೂ ಬಿಟ್ಟುಕೊಟ್ಟವು.

ಹಿನ್ನೆಲೆ ಗಾಯನವನ್ನು ಒಪ್ಪಿದ ಮೇಲೆ ಹಿನ್ನೆಲೆ ಮಾತಿಗೆ ಆಕ್ಷೇಪವೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. 1949ರ 'ಮಹಲ್' ಚಿತ್ರದ ಪ್ರಸಿದ್ಧ ಗೀತೆಯ ಮುದ್ರಿಕೆ ಮೊದಲು ಹೊರಬಂದಾಗ ಅದರ ಮೇಲೆ ಗಾಯಕಿಯ ಹೆಸರಿರಲಿಲ್ಲ. ಕಾಮಿನಿ ಎಂಬ ಪಾತ್ರದ ಹೆಸರಿತ್ತು. ಹಾಡಿದವರು ಲತಾ ಎಂಬುದು ಜನರಿಗೆ ತಿಳಿದದ್ದು ಆಮೇಲೆ. ಅಲ್ಲಿಂದಾಚೆಗೆ ಹಿನ್ನೆಲೆ ಗಾಯಕರು ತಮ್ಮ ಹೆಸರು, ಗೌರವಧನ, ಪ್ರಶಸ್ತಿಗಳನ್ನು ಹೋರಾಡಿಯೇ ಪಡೆದುಕೊಂಡರು. ಇಂದು ಹಾಡು ಕೇಳುವವನಿಗೆ ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬ ಅರಿವಿದೆ. ಆ ಅರಿವಿನಿಂದ ಅವನ ರಸಾನುಭವಕ್ಕೆ ಭಂಗವೂ ಬಂದಿಲ್ಲ. ಮಾತಿನ ಕಂಠ ನೀಡುವವರು ಬಹುತೇಕ ಇನ್ನೂ 1949ಕ್ಕೆ ಹಿಂದಿನ ಸ್ಥಿತಿಯಲ್ಲಿಯೇ ಇದ್ದಾರೆ. ಕನ್ನಡದಲ್ಲಿ ನಾವು ಇದಕ್ಕೆ 'ಕಂಠದಾನ' ಎಂಬ ಹೆಸರಿಟ್ಟಿದ್ದೇವೆ. ದಾನವೆಂದ ಮೇಲೆ ಕೊಟ್ಟವರು ಕೇಳುವಂತಿಲ್ಲ, ಪಡೆದವರು ಹೇಳುವಂತಿಲ್ಲ. ಕೂಲಿಗೆ ಮಾಡಿದ ಕೆಲಸವನ್ನು ದಾನವೆಂದು ಕರೆದದ್ದರಲ್ಲಿಯೇ ಉದ್ಯಮದ ಧೋರಣೆ ಅಡಗಿದೆ.

ಈ ಕಣ್ಣಿನಿಂದ ನೋಡಿದಾಗ ಐಶ್ವರ್ಯಾ ಅವರ ಆರಂಭದ ತಮಿಳು ಚಿತ್ರಗಳು ಬೇರೆಯೇ ಆಗಿ ಕಾಣುತ್ತವೆ. ಶಂಕರ್ ಅವರ 'ಜೀನ್ಸ್' (1998) ಕಥೆಯಾಗಿ ಹಗುರವಾದುದು. ಆದರೆ ಅದರ ನಾಯಕಿ ತನಗೊಬ್ಬ ಅವಳಿ ಸೋದರಿ ಇದ್ದಾಳೆಂದು ನಂಬಿಸಲು ತಾನೇ ಇಬ್ಬರಾಗಿ ನಟಿಸುತ್ತಾಳೆ. ಹಾಡಿನಲ್ಲಿ ಜಗತ್ತಿನ ಅದ್ಭುತಗಳ ಮುಂದೆ ಅವಳನ್ನು ಒಂದೊಂದಾಗಿ ನಿಲ್ಲಿಸಲಾಗುತ್ತದೆ. ಪ್ರವಾಸೋದ್ಯಮದ ಭಿತ್ತಿಚಿತ್ರಕ್ಕೂ ಇದಕ್ಕೂ ಅಂತರ ಕಡಿಮೆ. ರಾಜೀವ್ ಮೆನನ್ ಅವರ 'ಕಂಡುಕೊಂಡೇನ್ ಕಂಡುಕೊಂಡೇನ್' (2000) ಹೆಚ್ಚು ಗಂಭೀರ ಪ್ರಯತ್ನ. ಜೇನ್ ಆಸ್ಟಿನ್ನಳ ಕಾದಂಬರಿಯನ್ನು ತಮಿಳು ಮನೆಯೊಂದಕ್ಕೆ ತಂದ ಈ ಚಿತ್ರದಲ್ಲಿ ಮೀನಾಕ್ಷಿಯು ಕವಿ ಭಾರತಿಯ ಆರಾಧಕಿ, ಕಾವ್ಯವನ್ನು ಉಸಿರಾಡುವವಳು. ಕಾವ್ಯಪ್ರೇಮಿಯ ಪಾತ್ರಕ್ಕೆ ಮಾತೇ ಪ್ರಾಣ. ಆ ಪ್ರಾಣವನ್ನು ಹೊರಗಿನಿಂದ ತಂದು ಪ್ರತಿಷ್ಠಾಪಿಸಲಾಗಿದೆ. ತುಟಿಗಳು ಪದಗಳನ್ನು ಸರಿಯಾಗಿಯೇ ಅನುಸರಿಸುತ್ತವೆ; ಕಣ್ಣುಗಳು ಅವಕ್ಕಿಂತ ಅರ್ಧ ಗಳಿಗೆ ಹಿಂದೆ ಉಳಿಯುತ್ತವೆ. ಇದನ್ನೇ ವಿಮರ್ಶಕರು ಭಾವಹೀನತೆಯೆಂದು ಕರೆದರು. ಅರ್ಥವಾಗದ ಭಾಷೆಯ ಸಾಲನ್ನು ಉರುಹೊಡೆದು ಒಪ್ಪಿಸುವಾಗ ಯಾರ ಕಣ್ಣಾದರೂ ಹಾಗೆಯೇ ಇರುತ್ತದೆ.

ಹಿಂದಿಯಲ್ಲಿ ಪರಿಸ್ಥಿತಿ ಬೇರೆ. 1999ರಲ್ಲಿ ಬಂದ ಸಂಜಯ್ ಲೀಲಾ ಭನ್ಸಾಲಿಯವರ 'ಹಮ್ ದಿಲ್ ದೇ ಚುಕೇ ಸನಮ್'ನ ನಂದಿನಿ ಸ್ವಂತ ದನಿಯಲ್ಲಿ ಜಗಳವಾಡುತ್ತಾಳೆ, ಅಳುತ್ತಾಳೆ, ಗಂಡನೊಡನೆ ಮಾತು ಬಿಡುತ್ತಾಳೆ. ಆ ಚಿತ್ರವೂ 2002ರ 'ದೇವದಾಸ್' ಚಿತ್ರವೂ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿಯನ್ನು ತಂದುಕೊಟ್ಟವು. ಭನ್ಸಾಲಿಯವರ ಚಿತ್ರಗಳಲ್ಲಿ ಆಹಾರ್ಯ ಉಳಿದೆಲ್ಲವನ್ನೂ ನುಂಗಿಹಾಕುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ. 'ದೇವದಾಸ್'ನ ಪಾರ್ವತಿ ಉಟ್ಟ ಸೀರೆ ನೆನಪಿನಲ್ಲಿ ಉಳಿಯುವಷ್ಟು ಅವಳ ಮಾತು ಉಳಿಯುವುದಿಲ್ಲ. 'ಜೋಧಾ ಅಕ್ಬರ್' (2008) ಬಗೆಗೂ ಇದನ್ನೇ ಹೇಳಬಹುದು. ಅಲ್ಲಿ ಒಡವೆಗಳ ಭಾರವನ್ನು ಹೊತ್ತುಕೊಂಡೇ ಪಾತ್ರ ನಡೆಯಬೇಕಾಗಿದೆ.

ನಮ್ಮ ಪ್ರಶ್ನೆಗೆ ಅತ್ಯಂತ ಫಲವತ್ತಾದ ಸಾಮಗ್ರಿ ದೊರಕುವುದು ಋತುಪರ್ಣ ಘೋಷ್ ಅವರ ಎರಡು ಚಿತ್ರಗಳಲ್ಲಿ. ಅವು ಒಂದರ ಹಿಂದೊಂದು ವರ್ಷ ಬಂದವು; ನಿರ್ದೇಶಕ ಒಬ್ಬನೇ, ನಟಿ ಒಬ್ಬಳೇ; ದನಿಯ ವ್ಯವಸ್ಥೆ ಮಾತ್ರ ಬೇರೆ. ಮೊದಲನೆಯದು ರವೀಂದ್ರನಾಥ ಠಾಕೂರರ ಕಾದಂಬರಿಯನ್ನು ಆಧರಿಸಿದ 'ಚೋಖೇರ್ ಬಾಲಿ' (2003). ಓದುಬರಹ ಬಲ್ಲ ತರುಣ ವಿಧವೆ ಬಿನೋದಿನಿ ಇನ್ನೊಬ್ಬರ ಮನೆಯಲ್ಲಿದ್ದುಕೊಂಡು ಆ ಮನೆಯ ದಾಂಪತ್ಯವನ್ನು ನೋಡುತ್ತಾಳೆ, ಬಯಸುತ್ತಾಳೆ, ಕದಡುತ್ತಾಳೆ. ನೋಡಿಸಿಕೊಳ್ಳುವುದೇ ಕಸುಬಾಗಿದ್ದವಳಿಗೆ ಇಲ್ಲಿ ನೋಡುವ ಕೆಲಸ ಕೊಟ್ಟಿರುವುದು ನಿರ್ದೇಶಕರ ಜಾಣ್ಮೆ. ಬಿನೋದಿನಿಯ ಕೈಯಲ್ಲಿ ದುರ್ಬೀನು ಇದೆ. ಬಿಳಿಯ ಸೀರೆಯ ಮೇಲೆ ಆಶಾಲತೆಯ ಒಡವೆಗಳನ್ನು ತೊಡುವ ಸನ್ನಿವೇಶದಲ್ಲಿ ಜಾಹೀರಾತಿನ ಸುಂದರಿಯನ್ನು ಕರೆತಂದು, ಆ ಸೌಂದರ್ಯಕ್ಕೆ ಸಮಾಜ ವಿಧಿಸಿದ ನಿಷೇಧದೊಳಗೆ ನಿಲ್ಲಿಸಲಾಗಿದೆ. ಬೇರೆ ನಟಿಯಾಗಿದ್ದರೆ ಈ ದೃಶ್ಯಕ್ಕೆ ಇಷ್ಟು ಅರ್ಥ ಬರುತ್ತಿರಲಿಲ್ಲ. ನಾವು ಹತ್ತು ವರ್ಷ ನೂರಾರು ಭಿತ್ತಿಚಿತ್ರಗಳಲ್ಲಿ ನೋಡಿದ ಮುಖವಾದ್ದರಿಂದಲೇ ಅದರ ಮೇಲೆ ಬಿದ್ದ ವೈಧವ್ಯದ ನೆರಳು ದಟ್ಟವಾಗಿ ಕಾಣುತ್ತದೆ.

ಬಿನೋದಿನಿಯ ಬಂಗಾಳಿ ಮಾತು ಶ್ರೀಲಾ ಮಜುಂದಾರ್ ಅವರದು. ಮೃಣಾಲ್ ಸೇನರ 'ಏಕ್ ದಿನ್ ಪ್ರತಿದಿನ್', 'ಅಕಾಲೇರ್ ಸಂಧಾನೆ' ಚಿತ್ರಗಳನ್ನು ಕಂಡವರು ಆ ನಟಿಯನ್ನು ಮರೆಯಲಾರರು. 2024ರ ಜನವರಿಯಲ್ಲಿ ತೀರಿಕೊಂಡ ಶ್ರೀಲಾ ಅವರ ಮುಖ ಜಾಹೀರಾತಿನದಲ್ಲ. ಕಲ್ಕತ್ತೆಯ ಇಕ್ಕಟ್ಟಿನ ಮನೆಯ, ಬಂಗಾಳದ ಹಳ್ಳಿಯ ಮುಖ. ಹೊಸ ಅಲೆಯ ಚಿತ್ರಗಳಿಗೆ ಅಂಥ ಮುಖ ಬೇಕಾಗಿತ್ತು. ಆ ಅಲೆ ಇಳಿದ ಮೇಲೆ ಮಾರುಕಟ್ಟೆಗೆ ಅವರಿಂದ ಬೇಕಾದದ್ದು ದನಿ ಮಾತ್ರ. ಒಂದು ಕಾಲಘಟ್ಟದ ಬಂಗಾಳಿ ಚಿತ್ರರಂಗದ ಇತಿಹಾಸವೇ ಈ ಒಂದು ಪಾತ್ರದಲ್ಲಿ ಎರಡು ಹೋಳಾಗಿ ಕುಳಿತಿದೆ. ಘೋಷ್ ಅವರ ನಿರ್ಧಾರವನ್ನು ತಪ್ಪೆನ್ನಲು ಬಾರದು. ಇಪ್ಪತ್ತನೆಯ ಶತಮಾನದ ಆರಂಭದ ಭದ್ರಮಹಿಳೆಯ ಬಂಗಾಳಿಯನ್ನು ಕೆಲವು ತಿಂಗಳಲ್ಲಿ ಕಲಿತು ಆಡುವುದು ಯಾರಿಗೂ ಸುಲಭವಲ್ಲ. ಬಿನೋದಿನಿಯ ನಾಲಗೆಯ ಮೊನಚು ಕೊಂಚ ಮೊಂಡಾದರೂ ಕಾದಂಬರಿಯೇ ಬಿದ್ದುಹೋಗುತ್ತದೆ. ಆಕ್ಷೇಪವಿರುವುದು ಆಮೇಲಿನ ವ್ಯವಹಾರಕ್ಕೆ. ಚಿತ್ರಕ್ಕೆ ಅತ್ಯುತ್ತಮ ಬಂಗಾಳಿ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಬಿನೋದಿನಿಯ ಪಾತ್ರವನ್ನು ಮೆಚ್ಚಿದವರೂ ಟೀಕಿಸಿದವರೂ ಬಹುಪಾಲು ಒಬ್ಬಳನ್ನೇ ಮೆಚ್ಚಿದರು, ಒಬ್ಬಳನ್ನೇ ಟೀಕಿಸಿದರು.

ಎರಡನೆಯದು 2004ರ 'ರೇನ್‌ಕೋಟ್', ಹಿಂದೀ ಚಿತ್ರ. ಕೆಲಸ ಕಳೆದುಕೊಂಡು ಗೆಳೆಯರಲ್ಲಿ ಹಣ ಕೇಳಲೆಂದು ಭಾಗಲ್ಪುರದಿಂದ ಕಲ್ಕತ್ತೆಗೆ ಬಂದ ಮನೋಜ ಮಳೆಯ ಮಧ್ಯಾಹ್ನವೊಂದರಲ್ಲಿ ತನ್ನ ಹಿಂದಿನ ಪ್ರಿಯತಮೆ ನೀರಜಾಳ ಮನೆಗೆ ಬರುತ್ತಾನೆ. ಕಿಟಕಿ ಮುಚ್ಚಿದ, ಬೆಳಕಿಲ್ಲದ, ಸಾಮಾನುಗಳಿಂದ ತುಂಬಿದ ಒಂದೇ ಕೋಣೆ. ಇಬ್ಬರೂ ತಾವು ಸುಖವಾಗಿದ್ದೇವೆಂದು ಸುಳ್ಳು ಹೇಳುತ್ತಾರೆ. ನೀರಜಾಳ ಗಂಡ ಶ್ರೀಮಂತ, ಮನೆಯ ತುಂಬ ಆಳುಗಳು ಎಂಬ ಮಾತು ತಡೆಯಿಲ್ಲದೆ ಹರಿಯುತ್ತದೆ. ಮನೆಯ ಒಡೆಯ ಬಂದು ನಿಜವನ್ನು ಮನೋಜನಿಗೆ ತಿಳಿಸುವುದು ಅವಳು ಹೊರಗೆ ಹೋಗಿದ್ದಾಗ. ಇಡೀ ಚಿತ್ರದಲ್ಲಿ ಘಟನೆಯೆಂಬುದು ಇಷ್ಟೇ, ಉಳಿದುದೆಲ್ಲ ಮಾತು.

ಈ ಮಾತು ಐಶ್ವರ್ಯಾ ಅವರದೇ. ಅವರ ಅಭಿನಯದಲ್ಲಿ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ ನಿಸ್ಸಂಕೋಚವಾಗಿ ಇದನ್ನು ಹೆಸರಿಸಬಹುದು. ಜಾಹೀರಾತಿನಲ್ಲಿ ಮುಖವು ಸರಕಿನ ಪರವಾಗಿ ಮಾತನಾಡುತ್ತದೆ. ಮುಖವನ್ನು ನಂಬಿ ಜನ ಸರಕನ್ನು ಕೊಳ್ಳುತ್ತಾರೆ. 'ರೇನ್‌ಕೋಟ್'ನಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಇಲ್ಲಿ ನೀರಜಾಳ ದನಿ ತನ್ನ ಬಾಳನ್ನೇ ಜಾಹೀರಾತು ಮಾಡುತ್ತದೆ. ಕಣ್ಣ ಕೆಳಗಿನ ಕಪ್ಪು, ಮಾಸಿದ ಸೀರೆ, ಬಾಗಿಲ ಕಡೆಗೆ ಮತ್ತೆ ಮತ್ತೆ ಹೊರಳುವ ನೋಟ ಅದನ್ನು ಸುಳ್ಳೆಂದು ಹೇಳುತ್ತಿರುತ್ತವೆ. ಮಾತು ವೇಗವಾದಷ್ಟೂ ಮುಖ ನಿಶ್ಚಲವಾಗುತ್ತದೆ. ಯಾವ ನಿಶ್ಚಲತೆಯನ್ನು ವಿಮರ್ಶಕರು ರೂಪದರ್ಶಿಯ ದೋಷವೆಂದರೋ ಅದು ಇಲ್ಲಿ ಪಾತ್ರದ ಗುಣವಾಗಿ ದುಡಿಯುತ್ತದೆ. ವಾಚಿಕಕ್ಕೂ ಸಾತ್ವಿಕಕ್ಕೂ ನಡುವಿನ ಈ ಘರ್ಷಣೆ ಎರಡೂ ಒಬ್ಬಳ ದೇಹದಿಂದಲೇ ಹೊರಟಾಗ ಮಾತ್ರ ಸಾಧ್ಯ. ಬೇರೆಯ ಕಂಠವನ್ನು ತಂದು ಜೋಡಿಸಿದ್ದರೆ ದನಿ ಮತ್ತು ಮುಖ ಹೊಂದಿಕೊಳ್ಳಬೇಕೆಂಬುದೇ ಗುರಿಯಾಗುತ್ತಿತ್ತು. ಹೊಂದದಿರುವಿಕೆಯಲ್ಲಿ ಅರ್ಥವಿದೆಯೆಂಬ ಮಾತೇ ಏಳುತ್ತಿರಲಿಲ್ಲ.

2010ರಲ್ಲಿ ಮಣಿರತ್ನಂ ಅವರು ಒಂದೇ ಕಥೆಯನ್ನು ಹಿಂದಿಯಲ್ಲಿ 'ರಾವಣ್' ಎಂದೂ ತಮಿಳಿನಲ್ಲಿ 'ರಾವಣನ್' ಎಂದೂ ಏಕಕಾಲಕ್ಕೆ ತೆಗೆದರು. ಎರಡರಲ್ಲಿಯೂ ಅಪಹೃತೆ ರಾಗಿಣಿ ಐಶ್ವರ್ಯಾ ಅವರೇ. ಹಿಂದಿಯಲ್ಲಿ ಸ್ವಂತ ಕಂಠ. ತಮಿಳಿನಲ್ಲಿ ಮತ್ತೆ ರೋಹಿಣಿಯವರದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ತೌಲನಿಕ ಪಠ್ಯ ಸಿಗಲಾರದು. ತಮಿಳಿನ ರಾಗಿಣಿಯ ಮಾತು ಹೆಚ್ಚು ಪಕ್ವವಾಗಿದೆ, ಆಳದಿಂದ ಬರುತ್ತದೆ. ಹಿಂದಿಯ ರಾಗಿಣಿಯ ಕೂಗಿನಲ್ಲಿ ಒಡಕಿದೆ, ಕೆಲವೆಡೆ ಅತಿಯೂ ಇದೆ. ಆದರೆ ಕಾಡಿನ ನಡುವೆ, ಜಲಪಾತದ ಅಂಚಿನಲ್ಲಿ ನಿಂತ ಹೆಣ್ಣಿನ ದನಿ ಒಡೆಯದೆ ಇನ್ನು ಹೇಗಿದ್ದೀತು?

ಕನ್ನಡದ ಓದುಗರಾದ ನಮಗೆ ಈ ಚರ್ಚೆ ಹೊರಗಿನದಲ್ಲ. 1996ರ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನಲ್ಲಿ ನಡೆದಾಗ ರೈತಸಂಘವೂ ಮಹಿಳಾ ಸಂಘಟನೆಗಳೂ ಬೀದಿಗಿಳಿದವು. ಹೆಣ್ಣಿನ ದೇಹ ಸರಕಾಗುತ್ತಿರುವುದನ್ನು ಕುರಿತು ತೀವ್ರ ವಾಗ್ವಾದ ನಡೆಯಿತು. ಅದಕ್ಕೂ ಹಿಂದೆ, 1960ರ ದಶಕದಿಂದಲೇ, ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ವಿರುದ್ಧ ನಾವು ಪ್ರಬಲವಾದ ಚಳವಳಿಯನ್ನು ಕಟ್ಟಿದ್ದೆವು. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬರುವವರೆಗೂ ಅದರ ಹಿಡಿತ ಸಡಿಲಲಿಲ್ಲ. ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ ಅನ್ನ ಹೋಗುತ್ತದೆ, ಭಾಷೆಯ ಜೀವ ಹೋಗುತ್ತದೆ ಎಂಬುದು ಆ ಚಳವಳಿಯ ವಾದ. ಅದೇ ದಶಕಗಳಲ್ಲಿ ಮುಂಬಯಿಯಿಂದಲೂ ಚೆನ್ನೈಯಿಂದಲೂ ಬಂದ ನಾಯಕಿಯರು ಕನ್ನಡ ಚಿತ್ರಗಳಲ್ಲಿ ಬೇರೆಯವರ ಕಂಠದಲ್ಲಿ ಮಾತನಾಡುತ್ತಿದ್ದರು. ಅದು ಡಬ್ಬಿಂಗ್ ಎಂದು ನಮಗೆ ಅನಿಸಲೇ ಇಲ್ಲ. ಚಿತ್ರದ ಭಾಷೆಯನ್ನು ಕಾಯ್ದ ನಾವು ನಾಯಕಿಯ ನಾಲಗೆಯನ್ನು ಲೆಕ್ಕಕ್ಕಿಡಲಿಲ್ಲ. ರೂಪದರ್ಶಿಯಾಗಿದ್ದ, ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಚಲನಚಿತ್ರಕ್ಕೆ ಬಂದದ್ದು 2006ರಲ್ಲಿ ಇಂದ್ರಜಿತ್ ಲಂಕೇಶ್ ಅವರ ಕನ್ನಡ ಚಿತ್ರದ ಮೂಲಕ. ಚಿತ್ರದ ಹೆಸರು 'ಐಶ್ವರ್ಯ' ಎಂಬುದು ಆಕಸ್ಮಿಕವಿರಬೇಕು! ಮರುವರ್ಷ ಹಿಂದಿಯ 'ಓಂ ಶಾಂತಿ ಓಂ'ನಲ್ಲಿ ಅವರ ಮುಖಕ್ಕೆ ಮೋನಾ ಘೋಷ್ ಶೆಟ್ಟಿ ಅವರ ಕಂಠವನ್ನು ಜೋಡಿಸಲಾಯಿತು. ಮುಂದೆ ದೀಪಿಕಾ ಸ್ವಂತ ದನಿಯನ್ನು ಗಳಿಸಿಕೊಂಡರು. ಅವರನ್ನು ನಟಿಯೆಂದು ಗಂಭೀರವಾಗಿ ಪರಿಗಣಿಸುವುದು ಆರಂಭವಾದದ್ದೂ ಆಮೇಲೆಯೇ.

ಐಶ್ವರ್ಯಾ ಅವರು ಹಿಂದಿ, ತಮಿಳು, ಬಂಗಾಳಿ, ಇಂಗ್ಲಿಷ್ ಚಿತ್ರಗಳಲ್ಲಿ ನಟಿಸಿದ್ದಾರೆ. 2003ರಲ್ಲಿ ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಲಿಯಲ್ಲಿ ಕುಳಿತಿದ್ದಾರೆ. 2009ರಲ್ಲಿ ಪದ್ಮಶ್ರೀ ಪಡೆದಿದ್ದಾರೆ. ತುಳುವಿನಲ್ಲಾಗಲಿ ಕನ್ನಡದಲ್ಲಾಗಲಿ ಅವರು ಚಿತ್ರ ಮಾಡಿಲ್ಲ. ಕನ್ನಡದಲ್ಲಿ ಅವರ ಪಾತ್ರ ಮಾತನಾಡಿದ್ದು 'ಪೊನ್ನಿಯಿನ್ ಸೆಲ್ವನ್' ಡಬ್ ಆಗಿ ಬಂದಾಗ. ಎರಡು ಭಾಗಗಳಲ್ಲಿ, 2022 ಮತ್ತು 2023ರಲ್ಲಿ, ತೆರೆಕಂಡ ಈ ಚಿತ್ರದೊಂದಿಗೆ ಅವರು ಮತ್ತೆ ಮಣಿರತ್ನಂ ಅವರ ಬಳಿಗೆ ಬಂದರು. ಮತ್ತೆ ದ್ವಿಪಾತ್ರಕ್ಕೆ, ಮತ್ತೆ ತಮಿಳಿಗೆ. ಪೞುವೇಟ್ಟರೈಯರ್‌ನ ಕಿರಿಯ ವಯಸ್ಸಿನ ಪತ್ನಿ ನಂದಿನಿ ಒಬ್ಬಳು. ಚೋಳವಂಶವನ್ನೇ ಉರುಳಿಸಲು ಹೊರಟ ಈಕೆಯ ಆಯುಧ ಮಾತು. ಆ ಮಾತು ತಮಿಳಿನಲ್ಲಿ ದೀಪಾ ವೆಂಕಟ್ ಅವರದು. ಇನ್ನೊಬ್ಬಳು ಮಂದಾಕಿನಿ, ತಮಿಳು ಓದುಗರು ಊಮೈ ರಾಣಿ, ಎಂದರೆ ಮೂಕರಾಣಿ, ಎಂದು ಬಲ್ಲವಳು. ನರೆತ ಕೂದಲಿನ ಈ ಹೆಣ್ಣು ಮೊದಲ ಭಾಗದ ಕೊನೆಯಲ್ಲಿ ನೀರಿಗಿಳಿದು ರಾಜಕುಮಾರನನ್ನು ಉಳಿಸುತ್ತಾಳೆ. ಎರಡನೆಯ ಭಾಗದಲ್ಲಿ ತನ್ನ ಹಿಂದಿನ ಪ್ರಿಯ, ರೋಗಪೀಡಿತ ಸುಂದರ ಚೋಳನನ್ನು ಕೊಲೆಗಾರರಿಂದ ಕಾಪಾಡುತ್ತ ಪ್ರಾಣ ಬಿಡುತ್ತಾಳೆ. ಸುಂದರ ಚೋಳನ ಪಾತ್ರದಲ್ಲಿರುವವರು ಅದೇ ಪ್ರಕಾಶ್ ರೈ.

ಇಪ್ಪತ್ತೈದು ವರ್ಷಗಳ ಹಿಂದೆ 'ಇರುವರ್'ನಲ್ಲಿ ಒಬ್ಬ ರೈಗೆ ದನಿಯಿತ್ತು, ಇನ್ನೊಬ್ಬ ರೈಗೆ ಇರಲಿಲ್ಲ. ಇಲ್ಲಿಯೂ ಅಷ್ಟೇ. ಆದರೆ ಮಂದಾಕಿನಿಯ ಸಾವಿನ ಸನ್ನಿವೇಶವನ್ನು ನೋಡುವಾಗ ಕಣ್ಣು ಮಾತಿನ ಹಿಂದೆ ಉಳಿಯುವ ಆ ಹಳೆಯ ತೊಡಕು ಕಾಣುವುದಿಲ್ಲ. ಅನುಸರಿಸಬೇಕಾದ ಪರಭಾಷೆಯ ಸಾಲು ತುಟಿಯ ಮೇಲಿಲ್ಲ. ರಾಜನ ಮುಖವನ್ನು ನೋಡುತ್ತ, ಹೇಳಬೇಕಾದುದನ್ನು ಹೇಳಲಾಗದೆ ಆಕೆ ಉಸಿರು ಬಿಡುತ್ತಾಳೆ. ಐಶ್ವರ್ಯಾ ಅವರು ತಮಿಳಿನಲ್ಲಿ ನಿರ್ವಹಿಸಿದ ಪಾತ್ರಗಳಲ್ಲಿ ಇನ್ನೊಬ್ಬರ ಮಾತಿನ ಹಂಗಿಲ್ಲದೆ ಪೂರ್ತಿಯಾಗಿ ಅವರದೇ ಆದದ್ದು ಈ ಮೂಕಿಯ ಪಾತ್ರವೊಂದೇ.